ಇಲ್ಲದ ಊರಿನ ನೂರು ವರ್ಷ

ಹೋಗದ ಊರಿನ ದಾರಿ ಕೇಳಬಾರದು ಎನ್ನುತ್ತಾರೆ ಹಿರಿಯರು. ಇಲ್ಲವೇ ಇಲ್ಲದ ಊರಿನ ದಾರಿ ಕೇಳುವವರನ್ನು ಏನೆನ್ನಬೇಕೋ ಅವರು ಹೇಳಿ ಹೋಗಲಿಲ್ಲ. ನನ್ನ ಮಗಳು ಅಂಥವಳು. ಕೆನಡಾದ ಒಂಟಾರಿಯೊದಲ್ಲಿ ಇಂಜಿನಿಯರು. ಸಂಬಳ, ಮನೆ, ಕಾರು, ಅತ್ತೆ ಮಾವ ಎಲ್ಲ ಈ ಲೋಕದಲ್ಲೇ ಇದ್ದಾರೆ. ಆದರೆ ಶನಿವಾರ ಸಂಜೆಯಾಯಿತೆಂದರೆ ಫೆರೂನ್ ಎಂಬ ಭೂಖಂಡಕ್ಕೆ ಹೊರಟುಬಿಡುತ್ತಾಳೆ. ಅಲ್ಲಿ ಅವಳು ಗಾಯ ವಾಸಿಮಾಡುವ ಪೂಜಾರಿಣಿ. ಮನೆಯಲ್ಲಿ ದೇವರಿಗೆ ದೀಪ ಹಚ್ಚು ಅಂದರೆ ‘ನಾಳೆ ಹಚ್ತೀನಮ್ಮ’ ಎನ್ನುವವಳು!

2008ರಲ್ಲಿ ಅವಳ ಬಾಣಂತನಕ್ಕೆಂದು ಹೋಗಿದ್ದೆ. ಮಗುವಿಗೆ ಮೂರನೆಯ ತಿಂಗಳು. ಒಂದು ದಿನ ನಾನು ಮೆಂತ್ಯದ ಗಂಜಿ ಹಿಡಿದು ಕೋಣೆಗೆ ಹೋದರೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅಂಚೆಯಲ್ಲಿ ಬಂದ ದಪ್ಪ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಬಾಣಂತಿ ಅತ್ತರೆ ನಮಗೆ ಎದೆ ಧಸಕ್ಕೆನ್ನುವುದಿಲ್ಲವೇ? ‘ಯಾರೇ ಹೋದರು?’ ಎಂದೆ.

‘ಎಲ್ಲರೂ ಹೋದರಮ್ಮ. ನೂರು ವರ್ಷ ಕಳೆದುಹೋಯ್ತು’ ಎಂದಳು.

ಗಂಜಿ ಆರಿತು. ಆ ಮಧ್ಯಾಹ್ನವೆಲ್ಲ ಅವಳಿಂದ ಕೇಳಿದ್ದು, ಆಮೇಲೆ ವರ್ಷಗಟ್ಟಲೆ ಬಿಡಿಬಿಡಿಯಾಗಿ ತಿಳಿದದ್ದು, ಎಲ್ಲವನ್ನೂ ಸೇರಿಸಿ ಹೇಳುತ್ತೇನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಐದಾರು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಪಾತ್ರದ ಬಲ, ಬುದ್ಧಿ, ಗಂಟಿನಲ್ಲಿರುವ ಹಗ್ಗ, ಬುತ್ತಿ ಎಲ್ಲ ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಒಬ್ಬರು ಮಾತ್ರ ಪಾತ್ರ ಹಿಡಿಯದೆ ಕಥೆ ನಡೆಸುತ್ತಾರೆ. ‘ಎದುರಿಗೆ ಮುರಿದ ಸೇತುವೆ, ಏನು ಮಾಡುತ್ತೀರಿ?’ ಎಂದು ಅವರು ಕೇಳಬೇಕು, ಇವರು ಪಾತ್ರದ ಬಾಯಲ್ಲಿ ಹೇಳಬೇಕು, ಆಮೇಲೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಗರದ ಮೇಲೆ ಸೇತುವೆ ದಾಟಿದರೋ ಹೊಳೆಗೆ ಬಿದ್ದರೋ ತೀರ್ಮಾನ.

ನಾನು ಉತ್ತರ ಕನ್ನಡದವಳು, ಅಪ್ಪ ಊರಿನ ಅರ್ಥಧಾರಿ. ನನಗೆ ಇದನ್ನು ಬಿಡಿಸಿ ಹೇಳಬೇಕಾಗಲೇ ಇಲ್ಲ. ತಾಳಮದ್ದಳೆಯಲ್ಲಿಯೂ ಇಷ್ಟೇ ತಾನೇ? ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ಹೊದ್ದು ಕೂತವರು ವಾಲಿಯಾಗುತ್ತಾರೆ, ಕರ್ಣನಾಗುತ್ತಾರೆ, ಆಡುವ ಮಾತು ಆ ಕ್ಷಣಕ್ಕೆ ಹುಟ್ಟಿದ್ದು. ಒಂದೇ ವ್ಯತ್ಯಾಸ. ನಮ್ಮ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಬೆಳಗಿನ ಜಾವಕ್ಕೆ ಸಾಯಲೇಬೇಕು. ಇವರ ಕರ್ಣ ದಾಳ ಸರಿಯಾಗಿ ಬಿದ್ದರೆ ಬದುಕಿ, ರಥದ ಚಕ್ರ ರಿಪೇರಿ ಮಾಡಿಸಿಕೊಂಡು ಮನೆಗೆ ಹೋದಾನು.

ಕಥೆ ನಡೆಯುವುದಕ್ಕೆ ಒಂದು ಲೋಕ ಬೇಕಲ್ಲ. ಅಂಥ ಲೋಕಗಳು ಹಲವಿವೆ. ಹೆಚ್ಚು ಜನ ಮೆಚ್ಚಿದ್ದು ಫರ್ಗಾಟನ್ ರೆಲ್ಮ್ಸ್. ಮರೆತುಹೋದ ಸೀಮೆಗಳು ಎನ್ನಬಹುದು. ಅದನ್ನು ಕಟ್ಟಿದ ಎಡ್ ಗ್ರೀನ್‌ವುಡ್ ಒಂಟಾರಿಯೊದವರೇ, ಗ್ರಂಥಾಲಯದಲ್ಲಿ ಕೆಲಸ ಮಾಡಿದವರು. 1967ರಲ್ಲಿ, ಎಂಟು ವರ್ಷದ ಹುಡುಗ, ತನ್ನ ಪಾಡಿಗೆ ತಾನು ಕಥೆ ಬರೆಯುತ್ತ ಈ ಲೋಕವನ್ನು ಶುರುಮಾಡಿದನಂತೆ. ಆಗ ಆಟವೇ ಹುಟ್ಟಿರಲಿಲ್ಲ, ನೋಡಿ. 1979ರಿಂದ ಅವರ ಲೇಖನಗಳು ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಬಂದವು. ಆಟದ ಕಂಪನಿ ಟಿಎಸ್ಆರ್ ಆ ಲೋಕವನ್ನು ಕೊಂಡು 1987ರಲ್ಲಿ ನಕ್ಷೆ, ಪುಸ್ತಕಗಳ ಪೆಟ್ಟಿಗೆಯಾಗಿ ಹೊರತಂದಿತು. ಆಮೇಲೆ ನೂರಾರು ಕಾದಂಬರಿಗಳು. ವಾಟರ್‌ಡೀಪ್ ಎಂಬ ಮಹಾನಗರ, ಕೊರ್ಮಿರ್ ಎಂಬ ರಾಜ್ಯ, ಮುದಿ ಮಾಂತ್ರಿಕ ಎಲ್ಮಿನ್‌ಸ್ಟರ್. ಯಾವ ಊರಲ್ಲಿ ಯಾವ ವಸತಿಗೃಹ, ಅದರ ಯಜಮಾನಿ ಯಾರು ಎಂಬುದಕ್ಕೂ ಲೆಕ್ಕವಿತ್ತು. ಮಗಳಿಗೆ ನಮ್ಮ ಸೋದರಸಂಬಂಧಗಳು ಈವರೆಗೆ ಬಾಯಿಪಾಠವಾಗಿಲ್ಲ, ಕೊರ್ಮಿರಿನ ರಾಜವಂಶ ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ.

ಈ ಲೋಕಕ್ಕೆ 2008ರಲ್ಲಿ ಪ್ರಳಯ ಬಂತು. ಆಟದ ನಿಯಮಗಳ ನಾಲ್ಕನೆಯ ಆವೃತ್ತಿ ಬರುತ್ತದೆಂದು 2007ರ ಆಗಸ್ಟಿನಲ್ಲೇ ಸಾರಿದ್ದರು. ನಿಯಮ ಬದಲಾದರೆ ಮಂತ್ರ ಕೆಲಸ ಮಾಡುವ ರೀತಿಯೂ ಬದಲಾಗಬೇಕು, ಅದಕ್ಕೆ ಕಥೆಯಲ್ಲೊಂದು ಕಾರಣ ಬೇಕು. ಸರಿ, ಮಂತ್ರದೇವತೆ ಮಿಸ್ಟ್ರಾಳನ್ನೇ ಕೊಲ್ಲಿಸಿದರು. ಅವಳು ಸತ್ತೊಡನೆ ಮಂತ್ರಕ್ಕೆ ಹುಚ್ಚು ಹಿಡಿದು ನೀಲಿ ಬೆಂಕಿಯಾಗಿ ಹರಿಯಿತು. ಅದರ ಹೆಸರು ಸ್ಪೆಲ್‌ಪ್ಲೇಗ್. ಮಾಂತ್ರಿಕರ ನಾಡು ಹಲ್ರುವಾ ಸುಟ್ಟುಹೋಯಿತು. ಭೂಮಿ ಬಾಯ್ಬಿಟ್ಟಿತು, ನಡುಸಮುದ್ರದ ನೀರು ಇಳಿಯಿತು, ಬೇರೊಂದು ಲೋಕದ ತುಂಡುಗಳು ಬಂದು ಕೂತು ಹಳೆಯ ದೇಶಗಳು ನಕ್ಷೆಯಿಂದ ಮಾಯವಾದವು. ದೇವರುಗಳ ಪಟ್ಟಿಯನ್ನು ಹಿತ್ತಲ ಬೇಲಿ ಸವರಿದ ಹಾಗೆ ಸವರಿದರು. ಎಲ್ಮಿನ್‌ಸ್ಟರ್ ಸಾಯಲಿಲ್ಲ, ಶಕ್ತಿಗುಂದಿ ಉಳಿದ. ಹಿಂದಿನ ಆವೃತ್ತಿಯ, 2001ರ ಪುಸ್ತಕದಲ್ಲಿ ಆ ಲೋಕದ ಇಸವಿ 1372. ಮಗಳ ಕೈಲಿದ್ದ ಹೊಸ ಪುಸ್ತಕದಲ್ಲಿ 1479.

ಟೀವಿ ಧಾರಾವಾಹಿಗಳಲ್ಲಿ ಅತ್ತೆ ಸೊಸೆ ಜಗಳ ಮುಗಿಯದೆ ಇದ್ದಾಗ ‘ಇಪ್ಪತ್ತು ವರ್ಷಗಳ ನಂತರ’ ಎಂದು ತೋರಿಸಿ, ತೊಟ್ಟಿಲ ಮಗುವನ್ನು ಮದುವೆಗೆ ನಿಲ್ಲಿಸುವುದಿಲ್ಲವೇ? ಅದೇ. ಆದರೆ ಅಲ್ಲಿ ನಾವು ನೋಡುವವರು ಮಾತ್ರ. ಇಲ್ಲಿ ಅವರು ವಾರವಾರ ಹೋಗಿ ಬದುಕಿ ಬಂದವರು.

ಇಂಥದು ಮೊದಲೂ ಆಗಿತ್ತಂತೆ. 1989ರಲ್ಲಿ ಎರಡನೆಯ ಆವೃತ್ತಿ ಬಂದಾಗ ದೇವರುಗಳನ್ನೆಲ್ಲ ಭೂಮಿಗಿಳಿಸಿ ಬಡಿದಾಡಿಸಿದ್ದರು. ನಿಯಮಪುಸ್ತಕದಿಂದ ಹಂತಕರ ವರ್ಗವನ್ನು ತೆಗೆದುಹಾಕಿದ್ದಕ್ಕೆ ಕಥೆಯಲ್ಲಿ ಹಂತಕರೆಲ್ಲ ಒಂದೇ ಸಲ ಸತ್ತರಂತೆ! ಡ್ರ್ಯಾಗನ್‌ಲ್ಯಾನ್ಸ್ ಎಂಬ ಇನ್ನೊಂದು ಲೋಕದಲ್ಲಿ 1996ರಲ್ಲಿ ದೇವರುಗಳೂ ಹೊರಟುಹೋದರು, ದಾಳವೂ ಹೋಗಿ ಅದರ ಜಾಗಕ್ಕೆ ಎಲೆಗಳು ಬಂದವು. ಅಲ್ಲಿಯೂ ಜನ ಕೂಗಾಡಿದರು.

ಕಂಪನಿಯವರ ಮಾತನ್ನೂ ಕೇಳಬೇಕಲ್ಲ. (ಹಕ್ಕು ಅಷ್ಟರಲ್ಲಿ ಕೈ ಬದಲಾಗಿತ್ತು. 1997ರಲ್ಲಿ ಟಿಎಸ್ಆರ್ ಅನ್ನೇ ಇನ್ನೊಬ್ಬರು ಕೊಂಡಿದ್ದರು.) ಇಪ್ಪತ್ತು ವರ್ಷಗಳ ಚರಿತ್ರೆ ಗುಡ್ಡೆಬಿದ್ದಿದೆ, ಹೊಸದಾಗಿ ಬರುವವರು ಅದನ್ನು ನೋಡಿಯೇ ಹೆದರಿ ಓಡುತ್ತಾರೆ ಎಂಬುದು ಅವರ ವಾದ. ಇದರಲ್ಲಿ ನ್ಯಾಯವಿಲ್ಲ ಎನ್ನಲಾರೆ. ತುಂಬಿದ ಮನೆಗೆ ಸೊಸೆಯಾಗಿ ಬಂದವರಿಗೆಲ್ಲ ಇದು ಗೊತ್ತು. ಬಂದ ವಾರದಲ್ಲೇ ದೊಡ್ಡತ್ತೆ ಯಾರು, ಯಾವ ಚಿಕ್ಕಪ್ಪನೊಡನೆ ಯಾವಾಗಿನಿಂದ ಮಾತಿಲ್ಲ, ಯಾರ ಮುಂದೆ ಯಾರ ಹೆಸರೆತ್ತಬಾರದು ಎಲ್ಲ ತಿಳಿದಿರಬೇಕು. ಒಂದು ತಪ್ಪು ಹೆಸರೆತ್ತಿದರೆ ಊಟದ ಮನೆಯೇ ಸ್ತಬ್ಧ. ಆಗೆಲ್ಲ ನನಗೂ, ಈ ಹಳೆಯ ಲೆಕ್ಕವೆಲ್ಲ ಅಳಿಸಿಹೋಗಬಾರದೇ ಅನ್ನಿಸಿದ್ದುಂಟು. ಹಾಗೆಂದು ಅಟ್ಟ ಚೊಕ್ಕಟ ಮಾಡಲು ಮನೆಗೇ ಬೆಂಕಿ ಹಚ್ಚುತ್ತಾರೆಯೇ?

ಮಗಳು ಅತ್ತದ್ದು ಮಾತ್ರ ಮಿಸ್ಟ್ರಾಳಿಗಾಗಿ ಅಲ್ಲ.

ಅವರ ಮೇಜಿನಲ್ಲಿ ಆರು ಜನರಿದ್ದರು. 1999ರಿಂದ ಕೂಡಿ ಆಡಿದವರು. ಅವರಲ್ಲೊಬ್ಬ ಊರಿನ ಬಸ್ಸು ಓಡಿಸುತ್ತಿದ್ದವನು. ನಾನು ಮೊದಲ ಸಲ ಹೋಗಿದ್ದಾಗ ನನ್ನ ಕೈಯ ಉಪ್ಪಿಟ್ಟು ಮೂರು ಸಲ ಹಾಕಿಸಿಕೊಂಡು ಉಂಡವನು. ಅವನ ಪಾತ್ರ ಒಬ್ಬ ಹಳೆಯ ಸೈನಿಕ, ಬರೀ ಮನುಷ್ಯ. ಕ್ಯಾನ್ಸರ್ ಎಂದು ತಿಳಿದ ಮೇಲೂ ಬಂದು ಆಡಿದನಂತೆ. ಕೊನೆಯ ಸಲ ಬಂದಾಗ, ‘ನನ್ನ ಸೈನಿಕನಿಗೆ ಸಾಕಾಯಿತು, ಅವನು ಕೊರ್ಮಿರಿನ ಗಡಿಯ ಹಳ್ಳಿಯಲ್ಲಿ ಒಂದು ವಸತಿಗೃಹ ಹಾಕಿಕೊಳ್ಳುತ್ತಾನೆ, ನೀವು ಹೋಗಿಬರುವಾಗ ಉಳಿಯಿರಿ’ ಎಂದನಂತೆ. 2006ರಲ್ಲಿ ತೀರಿಕೊಂಡ. ಅವನ ಪಾತ್ರದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ದಾಳಗಳ ಡಬ್ಬಿಯಲ್ಲಿ ಇರಿಸಿದರು.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಇವರು ಅಲ್ಲಿ ತಂಗುತ್ತಿದ್ದರು. ಅವನ ಬಾಯಲ್ಲಿ ಮಾತಾಡುವುದು ಯಾರಿಗೂ ಇಷ್ಟವಿರಲಿಲ್ಲ. ಕಥೆ ನಡೆಸುವವಳು, ‘ಯಜಮಾನ ಅಡಿಗೆಮನೆಯಲ್ಲಿದ್ದಾನೆ, ಪಾತ್ರೆ ಸದ್ದು ಕೇಳುತ್ತಿದೆ’ ಎನ್ನುತ್ತಿದ್ದಳು. ಅಷ್ಟೇ. ಊಟ ಮಾಡಿ, ಮೇಜಿನ ಮೇಲೆ ದುಡ್ಡಿಟ್ಟು, ಬೆಳಿಗ್ಗೆ ಹೊರಡುತ್ತಿದ್ದರು. ಎರಡು ವರ್ಷ ಅವನು ಹಾಗೆ ಅಡಿಗೆಮನೆಯಲ್ಲೇ ಇದ್ದ.

ನೂರು ವರ್ಷ ಮುಂದಕ್ಕೆ ಹೋದರೆ ಮನುಷ್ಯ ಇರುತ್ತಾನೆಯೇ?

ಮುಂದಿನ ಶನಿವಾರ ಅವರು ಐವರೂ ನಮ್ಮನೆಯಲ್ಲೇ ಕೂಡಿದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಒಳಗೂ ಹೊರಗೂ ತಿರುಗುತ್ತಿದ್ದೆ. ಜೋರು ವಾದ. ‘ಹಳೆಯ ಪುಸ್ತಕ ನಮ್ಮ ಕಪಾಟಿನಲ್ಲೇ ಇದೆ, ಯಾರೂ ಬಂದು ಒಯ್ಯುವುದಿಲ್ಲ, 1372ರಲ್ಲೇ ಇರೋಣ’ ಎಂದು ಮಗಳು. ಇಬ್ಬರಿಗೆ ಹೊಸದು ಹಿಡಿಸಿತ್ತು. ಅವರು ಹೃದಯವಿಲ್ಲದವರಲ್ಲ. ‘ಇನ್ನು ಆ ವರ್ಷಕ್ಕೆ ಹೊಸ ನಕ್ಷೆ ಬರುವುದಿಲ್ಲ, ಹೊಸ ಕಾದಂಬರಿ ಬರುವುದಿಲ್ಲ. ಎಷ್ಟು ದಿನ ಮುಚ್ಚಿದ ಊರಿನಲ್ಲಿ ಓಡಾಡುತ್ತೀರಿ?’ ಎಂದ ಒಬ್ಬಾತ. ಇನ್ನೊಬ್ಬಳು ಮೆಲ್ಲಗೆ, ‘ಅವನು ಸತ್ತು ಎರಡು ವರ್ಷವಾಯಿತು’ ಎಂದಳು. ಆ ಮೇಲೆ ಯಾರೂ ಮಾತಾಡಲಿಲ್ಲ. ನಾನು ಚಹಾ ಕೊಟ್ಟೆ. ಕುಡಿದು ಎದ್ದುಹೋದರು. ಮುಂದಿನ ವಾರದಿಂದ ಮೇಜಿಗೆ ಮೂವರೇ.

ಕೂಗಾಟ ಹೊರಗೂ ಕಡಿಮೆಯಾಗಿರಲಿಲ್ಲ ಅನ್ನಿಸುತ್ತದೆ. 2012ರಲ್ಲಿ ಕಂಪನಿ ‘ಸಂಡರಿಂಗ್’ ಎಂಬ ಹೆಸರಿನಲ್ಲಿ ಹೊಸ ಕಥೆ ಸಾರಿತು. ಅಂಟಿಕೊಂಡ ಲೋಕಗಳು ಮತ್ತೆ ಬೇರೆಯಾಗುತ್ತವೆ, ಸತ್ತ ದೇವರುಗಳು ಹಲವರು ಮರಳುತ್ತಾರೆ. 2013-14ರಲ್ಲಿ ಆರು ಲೇಖಕರ ಆರು ಕಾದಂಬರಿ ಬಂದವು, ಕೊನೆಯದು ಗ್ರೀನ್‌ವುಡ್ ಅವರದೇ. ಮೊದಲನೆಯದು ಆರ್. ಎ. ಸಾಲ್ವಟೋರ್ ಬರೆದ ‘ದಿ ಕಂಪ್ಯಾನಿಯನ್ಸ್’. ಅವರ ನಾಯಕ ಡ್ರಿಝ್ಟ್ 1988ರಿಂದ ಓದುಗರ ಕಣ್ಮಣಿ. ಎಲ್ಫ್ ಜಾತಿಯವನಾದ್ದರಿಂದ ನೂರು ವರ್ಷ ಕಳೆದರೂ ಉಳಿದ, ಗೆಳೆಯರು ಸತ್ತರು. ಈ ಪುಸ್ತಕದಲ್ಲಿ ಆ ಗೆಳೆಯರು ಬೇರೆ ಬೇರೆ ಮನೆಗಳಲ್ಲಿ ಕೂಸುಗಳಾಗಿ, ಹಿಂದಿನದೆಲ್ಲ ನೆನಪಿಟ್ಟುಕೊಂಡು ಹುಟ್ಟುತ್ತಾರೆ. ಪುನರ್ಜನ್ಮ! ಮಗಳು ಫೋನಿನಲ್ಲಿ ಹೇಳಿದಾಗ, ‘ಇದನ್ನು ನಮ್ಮನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆವಲ್ಲೇ’ ಎಂದು ನಕ್ಕೆ. ಅವಳು ನಗಲಿಲ್ಲ. ‘ಪುಸ್ತಕದವರಿಗೆ ಸರಿಯಮ್ಮ’ ಎಂದಳು. ಇಸವಿಯನ್ನು ಯಾರೂ ಹಿಂದಕ್ಕೆ ತಿರುಗಿಸಿರಲಿಲ್ಲ. ಮೂವರಲ್ಲಿ ಒಬ್ಬರಿಗೆ ಬೇರೆ ಊರಿಗೆ ವರ್ಗವಾಗಿ, ಅಷ್ಟರಲ್ಲಿ ಆ ಮೇಜೂ ನಿಂತಿತ್ತು.

2008ರಲ್ಲಿ ನನ್ನ ಹೆಗಲ ಮೇಲಿದ್ದ ಕೂಸು ಈಗ ನನಗಿಂತ ಎತ್ತರ. ಅಮ್ಮನ ಆಟವನ್ನು ಹಳೇ ಕಾಲದ್ದೆಂದು ಮೂಗು ಮುರಿಯುತ್ತಿದ್ದವಳು, 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಬಂದದ್ದೇ ತಾನೂ ಆ ಲೋಕಕ್ಕೆ ಬಿದ್ದಳು. ಅದರ ಕಥೆ ನಡೆಯುವುದು 1492ರಲ್ಲಿ. ಈಗ ಸ್ನೇಹಿತೆಯರನ್ನು ಕೂಡಿಸಿಕೊಂಡು ಅದೇ ಊಟದ ಮೇಜಿನ ಮೇಲೆ ದಾಳ ಉರುಳಿಸುತ್ತಾಳೆ. ಅವಳ ಪಾಲಿಗೆ ಸ್ಪೆಲ್‌ಪ್ಲೇಗ್ ಎಂದರೆ ನಮಗೆ ಪ್ಲೇಗಿನ ವರ್ಷಗಳಿದ್ದಂತೆ, ಅಜ್ಜಿಯರು ಹೇಳುವ ಯಾವುದೋ ಸುದ್ದಿ.

ಹೋದ ತಿಂಗಳು ದಾಳ ಹುಡುಕುತ್ತ ಆ ಡಬ್ಬಿ ತೆರೆದಿದ್ದಾಳೆ. ಪ್ಲಾಸ್ಟಿಕ್ ಕವರಿನ ಹಾಳೆ ನೋಡಿ ಕೇಳಿದ್ದಾಳೆ. ಮಗಳು ಎಲ್ಲ ಹೇಳಿದಳಂತೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೂರಿಪ್ಪತ್ತು ವರ್ಷದ ವಸತಿಗೃಹ ಇರಬಾರದೇನಮ್ಮ? ನನ್ನ ಆಟದಲ್ಲಿ ಅವನ ಮರಿಮಗಳು ನಡೆಸುತ್ತಾಳೆ. ಗೋಡೆ ಮೇಲೆ ಅವನ ಕತ್ತಿ ಇರುತ್ತೆ’ ಎಂದಳಂತೆ.

ಮಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅದು ತನ್ನೊಬ್ಬಳ ಊರಲ್ಲ, ಉಳಿದ ನಾಲ್ವರನ್ನೂ ಕೇಳಬೇಕು ಎಂದು, ಆ ದಿನ ಎದ್ದುಹೋದ ಇಬ್ಬರಿಗೂ ಸೇರಿಸಿಯೇ ಪತ್ರ ಬರೆದಳು. ಮೂವರು ಒಪ್ಪಿದ್ದಾರೆ. ನಾಲ್ಕನೆಯವರ ಉತ್ತರ ಇನ್ನೂ ಬಂದಿಲ್ಲ.