ಮಿರಜಿನ ಉರುಸಿನಲ್ಲಿ ಹಾಡು

ಮಿರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಉರುಸಿನ ಹೊತ್ತಿಗೆ ಸಂಗೀತೋತ್ಸವ ನಡೆಯುತ್ತದೆ. 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರ ನೆನಪಿನ ಉತ್ಸವ. ಅವರ ಸಮಾಧಿಯೂ ಅಲ್ಲೇ ಇದೆ.

ಉತ್ತರದ ಕೈರಾನಾದಿಂದ ಬಂದ ಖಾನ್‌ಸಾಹೇಬರು ನಮ್ಮ ಕುಂದಗೋಳದ ಬ್ರಾಹ್ಮಣ ಹುಡುಗ ರಾಮಭಾವುಗೆ ಕಲಿಸಿದರು. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರಾದದ್ದು. ಅವರಿಂದ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಧಾರವಾಡ ಸೀಮೆಯ ಕಿವಿಯನ್ನು ತಿದ್ದಿದ ಪರಂಪರೆ ಇದು!

ಸೌಹಾರ್ದದ ಭಾಷಣ ಕೇಳಿದಾಗೆಲ್ಲ ನನಗೆ ಈ ದರ್ಗಾ ನೆನಪಾಗುತ್ತದೆ. ಜನರನ್ನು ಒಂದುಗೂಡಿಸಬೇಕೆಂದು ಯಾರೂ ಅಲ್ಲಿ ಹಾಡಲು ಕೂತವರಲ್ಲ. ಗುರುವಿನ ಋಣಕ್ಕೆ ಹಾಡಿದರು. ಹಾಡುವವರ ಜಾತಿ, ಭಾಷೆ ಯಾವುದಾದರೂ ಆಗಿರಲಿ, ಸೇವೆ ಸಲ್ಲುವುದು ಒಂದೇ ಕಡೆ.

ತಂಬೂರಿ, ಸಿತಾರ್ ತಯಾರಿಸುವ ಮನೆತನಗಳ ಊರೂ ಮಿರಜೇ. ಮುಂದಿನ ಉರುಸಿಗೆ ಹೊರಡುವವರಿದ್ದರೆ ಹೇಳಿ, ನಾನೂ ಬರುತ್ತೇನೆ.