ನೆತ್ತರುಗೊಡಗೆ

ನಮ್ಮ ನಾಡಿನ ಮಕ್ಕಳಿಗೆ ಯುದ್ಧದ ಮೊದಲ ಪಾಠವನ್ನು ಬಹುಕಾಲ ಹೇಳಿದ್ದು ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಕ್ಷರ ಬಾರದ ಮಗುವಿಗೂ ಅರ್ಥವಾಗುವ ಪಾಠವಿದು. ಸಾವು ಎರಡು ಪಟ್ಟಿಕೆಗಳ ನಡುವಿನ ಗೆರೆಯಲ್ಲೇ ಮುಗಿದುಹೋಗುತ್ತದೆ. ಮಡಿದವನ ಮನೆಗೆ ಯಾವ ಪಟ್ಟಿಕೆಯೂ ಇಲ್ಲ.

ಆದರೆ ಶಾಸನದ ಅಕ್ಷರಗಳು ಶಿಲ್ಪದಷ್ಟು ಸಂಕೋಚಪಡುವುದಿಲ್ಲ. ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂದು ಸತ್ತ ಕಾರಣವನ್ನು ಬಿಡಿಸಿ ಹೇಳುತ್ತವೆ. ಅವುಗಳಲ್ಲಿ ಕಾಣುವ ಅನೇಕರು ದಂಡನಾಯಕರಲ್ಲ, ಕಳುವಾದ ದನಗಳನ್ನು ಬಿಡಿಸಲು ಹೋದ ಊರವರು. ಹಾಗೆ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ವಿದ್ಯಾರ್ಥಿಗಳಿಗೆ ಈ ಪದವನ್ನು ವಿವರಿಸುವಾಗಲೆಲ್ಲ ನಾನು ಕೊಂಚ ತಡೆಯುತ್ತೇನೆ. ಕೊಡುಗೆ ಯಾವುದಕ್ಕೆ ಪ್ರತಿಯಾಗಿ ಬಂದಿತೆಂಬುದನ್ನು ಪದವೇ ಮುಚ್ಚುಮರೆಯಿಲ್ಲದೆ ನುಡಿಯುತ್ತದೆ. ನಾವಿಂದು ಬಳಸುವ ‘ಬಲಿದಾನ’, ‘ಹುತಾತ್ಮ’ ಎಂಬ ಮಾತುಗಳಲ್ಲಿ ಆ ನೆತ್ತರು ಕಾಣದು. ಆಗಸ್ಟ್ 15ರಂದು ಪುಟ್ಟ ಮಗುವಿಗೆ ಸೈನಿಕನ ವೇಷ ತೊಡಿಸಿ ಆಟಿಕೆಯ ಬಂದೂಕು ಹಿಡಿಸುತ್ತೇವೆ; ಅದು ಗುಂಡು ತಗಲಿ ಬೀಳುವ ಅಭಿನಯ ಮಾಡಿದರಂತೂ ಚಪ್ಪಾಳೆ ಇನ್ನಷ್ಟು ಜೋರು.

ಜೈನರು ಯುದ್ಧದಿಂದ ದೂರವೇ ಇದ್ದರೆಂದು ಹೇಳಿಕೊಳ್ಳುವ ಅಧಿಕಾರ ನಮಗಿಲ್ಲ. ಪಂಪನು ಕತ್ತಿಯನ್ನೂ ಹಿಡಿದವನು. ಅರಿಕೇಸರಿಯ ಶೌರ್ಯವನ್ನು ಅರ್ಜುನನಲ್ಲಿಟ್ಟು ಕೊಂಡಾಡಿದವನು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೆ ‘ಸಮರಪರಶುರಾಮ’ ಎಂಬ ಬಿರುದಿತ್ತು. ಆದರೂ ಈ ಪರಂಪರೆ ಒಂದು ಪ್ರಸಂಗವನ್ನು ಜೋಪಾನ ಮಾಡಿಕೊಂಡು ಬಂದಿದೆ. ಜಿನಸೇನಾಚಾರ್ಯರ ಪುರಾಣದಲ್ಲಿ ಭರತ ಬಾಹುಬಲಿಯರ ಸೇನೆಗಳು ಇದಿರಾಗಿ ನಿಂತಾಗ ಮಂತ್ರಿಗಳು ಅಡ್ಡಬರುತ್ತಾರೆ. ಇವರಿಬ್ಬರೂ ಚರಮದೇಹಿಗಳು, ಇವರಿಗೆ ಏನೂ ಆಗದು. ಅಳಿಯುವುದು ಎರಡೂ ಕಡೆಯ ಜನ ಎಂಬುದು ಅವರ ವಾದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಹುಟ್ಟಿದ್ದು ಈ ಲೆಕ್ಕಾಚಾರದಿಂದ. ಅಣ್ಣತಮ್ಮಂದಿರ ಔದಾರ್ಯ ಇದಕ್ಕೆ ಕಾರಣವಲ್ಲ. ಬಾಹುಬಲಿಯ ವೈರಾಗ್ಯ ಆಮೇಲಿನದು. ಅದಕ್ಕೆ ಮೊದಲೇ, ಹೆಸರಿಲ್ಲದ ಸೈನಿಕನ ಪ್ರಾಣಕ್ಕೆ ಬೆಲೆಯಿದೆಯೆಂದು ಯಾರೋ ಆಸ್ಥಾನದಲ್ಲಿ ಗಟ್ಟಿಯಾಗಿ ಹೇಳಿಯಾಗಿತ್ತು.

ಶ್ರವಣಬೆಳಗೊಳದ ಮೆಟ್ಟಿಲೇರುವ ಶಾಲಾಮಕ್ಕಳನ್ನು ನಾನು ಆಗಾಗ ಮಾತಾಡಿಸುವುದುಂಟು. ಮೂರು ಯುದ್ಧಗಳ ಹೆಸರು ಅವರಿಗೆ ಬಾಯಿಪಾಠವಾಗಿರುತ್ತದೆ, ಗೆದ್ದವರಾರೆಂಬುದೂ ಗೊತ್ತಿರುತ್ತದೆ. ಸೇನೆಗಳೇಕೆ ಕಾದಲಿಲ್ಲವೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.