ಉಡಿದಾರದ ಬಕಲ್

ನಮ್ಮ ಕಡೆ ಗಂಡುಮಗುವಿನ ಮೈಗೇರುತ್ತಿದ್ದ ಮೊದಲ ಒಡವೆ ಉಡಿದಾರ. ಇಲ್ಲದವರ ಮನೆಯಲ್ಲಿ ಕರಿನೂಲು, ಇದ್ದವರ ಮನೆಯಲ್ಲಿ ಬೆಳ್ಳಿ. ಮಗು ಬೆಳೆದಂತೆಲ್ಲ ಅಕ್ಕಸಾಲಿಗರು ಒಂದೆರಡು ಕೊಂಡಿ ಸೇರಿಸಿಕೊಡುವರು. ಸೊಂಟ ದಪ್ಪವಾಯಿತೆಂದು ಯಾರೂ ಸೊಂಟವನ್ನು ಬೈಯುತ್ತಿರಲಿಲ್ಲ. ಉಡಿದಾರ ಗಿಡ್ಡವಾಯಿತು ಅನ್ನುತ್ತಿದ್ದರು. ಈ ಸೌಜನ್ಯ ಚರ್ಮದ ಬೆಲ್ಟಿಗೆ ಇಲ್ಲ. ಅದಕ್ಕಿರುವುದು ಐದೇ ತೂತು, ನಡುವಿನದು ನಿಮ್ಮ ಅಳತೆ ಎಂದು ಅಂಗಡಿಯವನು ಹೇಳಿ ಕಳಿಸಿರುತ್ತಾನೆ. ನಾನು ಸದ್ಯ ಕಟ್ಟಕಡೆಯ ತೂತಿನ ನಿವಾಸಿ.

ಅಜ್ಜನ ಉಡಿದಾರ ರಾಣಿ ಛಾಪಿನ ರೂಪಾಯಿಗಳನ್ನು ಕರಗಿಸಿ ಮಾಡಿದ್ದೆಂದು ಅಜ್ಜಿ ಹೇಳುತ್ತಿದ್ದಳು. ಆ ಕಾಲದ ರೂಪಾಯಿ ಎಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಕೈಯಲ್ಲಿ ದುಡ್ಡಿದ್ದರೆ ತೂಕದ ಬಟ್ಟೂ ಇದ್ದಂತೆಯೇ. 1940ರಲ್ಲಿ ಸರಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1947ರಲ್ಲಿ ಪೂರಾ ತೆಗೆದು ನಿಕಲ್ ಹಾಕಿತು. ಅಷ್ಟು ಹೊತ್ತಿಗೆ ಅಜ್ಜ ತನ್ನ ಉಳಿತಾಯವನ್ನು ಸೊಂಟಕ್ಕೆ ಸುತ್ತಿಕೊಂಡು ಅದರ ಮೇಲೆ ಪಂಚೆ ಬಿಗಿದಾಗಿತ್ತು. ಅಮೆರಿಕದ ನವಾಹೋ ಜನರೂ ಹತ್ತೊಂಬತ್ತನೇ ಶತಮಾನದಲ್ಲಿ ಡಾಲರು, ಪೆಸೊಗಳನ್ನು ಬಡಿದು, ಕರಗಿಸಿ ಬಿಲ್ಲೆ ಮಾಡಿ ಚರ್ಮದ ಪಟ್ಟಿಗೆ ಪೋಣಿಸಿಕೊಳ್ಳುತ್ತಿದ್ದರು. ಮೊದಮೊದಲು ಅವರಿಗೆ ಬೆಸುಗೆ ಗೊತ್ತಿರಲಿಲ್ಲ. ಹಾಗಾಗಿ ಬಿಲ್ಲೆಯ ನಡುವೆಯೇ ಕಿಂಡಿ ಕೊರೆದು ಚರ್ಮ ತೂರಿಸುತ್ತಿದ್ದರು. ಅಜ್ಜನಿಗೂ ಅವರಿಗೂ ಭೇಟಿಯಾಗಿದ್ದರೆ ಸೊಂಟದ ವಿಷಯವಾಗಿ ಸಾಕಷ್ಟು ಮಾತಾಡಿಕೊಳ್ಳುತ್ತಿದ್ದರು.

ಅಜ್ಜ ತೀರಿಕೊಂಡಾಗ ಉಡಿದಾರದ ಕೊಕ್ಕೆ ಬಿಚ್ಚಲು ಬಾರದೆ ಕತ್ತರಿಸಿ ತೆಗೆದರಂತೆ. ಆಮೇಲೆ ಅದನ್ನು ಯಾರೂ ಧರಿಸಲಿಲ್ಲ. ಅಪ್ಪ ಪ್ಯಾಂಟಿನವನು, ನಾನು ಎಲಾಸ್ಟಿಕ್ ಕಾಲದವನು. ಸಿಕ್ಕಿಸಿಕೊಳ್ಳಲು ಕೌಪೀನವೇ ಇಲ್ಲದ ಮನೆಯಲ್ಲಿ ಉಡಿದಾರ ಏನು ಮಾಡಬೇಕು? ಅಜ್ಜಿಯ ಟ್ರಂಕಿನಿಂದ ಅಮ್ಮನ ಬೀರುವಿಗೆ, ಅಲ್ಲಿಂದ ನಮ್ಮ ಬೀರುವಿಗೆ ವರ್ಗವಾಗುತ್ತ ಕಪ್ಪಾಯಿತು. ಇದರಲ್ಲಿ ಬೆಲ್ಟಿಗೊಂದು ಬಕಲ್ ಮಾಡಿಸುತ್ತೇನೆ ಎಂದಾಗ ನನ್ನವಳು, "ಕುಂಕುಮದ ಬಟ್ಟಲಾದರೂ ಆಗ್ತಿತ್ತಲ್ರೀ. ಚರ್ಮಕ್ಕೆ ಹಾಕ್ತೀರಾ?" ಅಂದಳು. ಅಜ್ಜನ ಸೊಂಟವೂ ಚರ್ಮದ್ದೇ ಆಗಿತ್ತು ಎಂಬ ಉತ್ತರ ನಾಲಿಗೆಯ ತುದಿಗೆ ಬಂದು, ಅಲ್ಲೇ ಉಳಿಯಿತು.

ತೀರ್ಥಹಳ್ಳಿ ಪೇಟೆಯ ಆಚಾರ್ರಿಗೆ ಈಗ ಹೆಚ್ಚಾಗಿ ಬರುವುದು ಸೇಲಂನಿಂದ ಬಂದಿಳಿಯುವ ಕಾಲುಗೆಜ್ಜೆಗಳ ಕಿತ್ತುಹೋದ ಕೊಕ್ಕೆ ಕೂರಿಸುವ ಕೆಲಸ. ಉಡಿದಾರವನ್ನು ಕೈಯಲ್ಲಿ ತೂಗಿ, ಒಂದು ಕೊಂಡಿಯನ್ನು ಉಜ್ಜಿ ನೋಡಿ, "ಇದನ್ನ ಕರಗಿಸೋಕೆ ಮನಸ್ಸು ಬರುತ್ತಾ ಮಾರಾಯ್ರೆ?" ಅಂದರು. ನನ್ನ ಉತ್ತರಕ್ಕೆ ಕಾಯದೆ ಬಿಳಿಗಾರದ ಡಬ್ಬಿ ಹುಡುಕತೊಡಗಿದರು.

ಅಪ್ಪಟ ಬೆಳ್ಳಿ ಕರಗಲು 961 ಡಿಗ್ರಿ ಬೇಕು. ತಾಮ್ರ ಬೆರೆತದ್ದು ಅದಕ್ಕೂ ಮೊದಲೇ ಸೋಲುತ್ತದೆ. ಮೂಸೆಯಲ್ಲಿ ಅಜ್ಜನ ಉಡಿದಾರ ಕೊಂಡಿ ಕೊಂಡಿಯಾಗಿ ಕುಸಿದು, ಕೊಳೆ ಬಿಟ್ಟು, ಒಮ್ಮೆಲೇ ಕನ್ನಡಿಯಾಯಿತು. ಅಚ್ಚಿಗೆ ಸುರಿದ ಮೇಲೆ ಬಡಿಯುವುದು, ಗಟ್ಟಿಯಾದರೆ ಮತ್ತೆ ಕಾಯಿಸಿ ಮೆತ್ತಗೆ ಮಾಡುವುದು, ಮತ್ತೆ ಬಡಿಯುವುದು. ಬೆಲ್ಟಿನ ಅಗಲ ಒಂದೂಕಾಲು ಇಂಚು. ಚೌಕಟ್ಟು ಅದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ತಕರಾರು ಬಂದದ್ದು ತೂತಿಗೆ ಸಿಕ್ಕಿಸುವ ಮುಳ್ಳಿನಲ್ಲಿ. ಅದು ಸಣ್ಣಗೆ, ನಾಜೂಕಾಗಿ ಇರಲಿ ಅಂದೆ. ಆಚಾರ್ರು ಕನ್ನಡಕದ ಮೇಲಿಂದ ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು.

"ಬೆಳ್ಳಿ ಮೆದು. ಮದುವೆಮನೆ ಊಟ ಮುಗಿಸಿ ಏಳೋ ಹೊತ್ತಿಗೆ ಮುಳ್ಳು ಬಗ್ಗಿರುತ್ತೆ."

ಅದಕ್ಕೇ ನೂರಕ್ಕೆ ಏಳೂವರೆ ಪಾಲು ತಾಮ್ರ ಕೂಡಿಸುವುದು, ಬೆಸುಗೆಯ ಕಾವಿಗೆ ಮೆತ್ತಗಾದದ್ದನ್ನು ತಣ್ಣಗಿರುವಾಗಲೇ ಮತ್ತೆ ಬಡಿದು ಬಿಗಿ ಮಾಡುವುದು. ಜರ್ಮನ್ ಸಿಲ್ವರ್ ಆದರೆ ಈ ರಗಳೆಯೇ ಇಲ್ಲ ಅಂದರು. ನಿಜ, ಅದರಲ್ಲಿ ತಾಮ್ರ, ನಿಕಲ್, ಸತು ಎಲ್ಲ ಇದೆ, ಬೆಳ್ಳಿಯೊಂದಿಲ್ಲ. ಕೊನೆಗೆ ಮುಳ್ಳು ಎಷ್ಟು ದಪ್ಪಗಾಯಿತೆಂದರೆ ಚಮ್ಮಾರರ ಹತ್ತಿರ ಹೋಗಿ ಬೆಲ್ಟಿನ ತೂತುಗಳನ್ನೂ ದೊಡ್ಡದು ಮಾಡಿಸಬೇಕಾಯಿತು. ಮೇಲೆ ಗಂಡಭೇರುಂಡ ಬರೆಯುತ್ತೇನೆಂದು ಆಚಾರ್ರು ಹುರುಪಿನಲ್ಲಿದ್ದರು. ಸರಕಾರಿ ಮೊಹರು ಹೊತ್ತ ಹೊಟ್ಟೆ ಬೇಡವೆಂದು ಬೇಡಿಕೊಂಡ ಮೇಲೆ, ಬಕಲನ್ನು ಅರಗಿನ ಮೇಲೆ ಕೂರಿಸಿ, ಚಾಣದಲ್ಲಿ ಒಂದು ಬಳ್ಳಿ ಹರಿಸಿದರು. ಎರಡೂ ಪಕ್ಕ ಒಂದೇ ಸಮ ಇಲ್ಲ. ನನಗೆ ಬಳ್ಳಿಯಲ್ಲಿ ಇಷ್ಟವಾದದ್ದೇ ಅದು.

ಕರಾವಳಿಯ ದೇವಸ್ಥಾನವೊಂದಕ್ಕೆ ಅದನ್ನೇ ಹಾಕಿಕೊಂಡು ಹೋದೆ. ಅಂಗಿ ಬಿಚ್ಚಿದ್ದಾಯಿತು, ಚರ್ಮದ ಬೆಲ್ಟೂ ಒಳಗೆ ಬರುವಂತಿಲ್ಲ ಎಂದರು. ಬೆಳ್ಳಿ ಬರಬಹುದಂತೆ, ಚರ್ಮ ಹೊರಗಿರಬೇಕಂತೆ. ಹೊಲಿಗೆ ಹಾಕಿದವುಗಳನ್ನು ಅಗಲಿಸುವುದು ಹೇಗೆ? ಬೆಲ್ಟನ್ನು ಸುರುಳಿ ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ಚಪ್ಪಲಿಯ ಕೆಳಗೆ ತುರುಕಿ ಒಳಗೆ ಹೋದೆ. ನನ್ನವಳು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದಳು. ನಾನು ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದು ಕೈಯಲ್ಲಿ ಮಂಗಳಾರತಿ ತೆಗೆದುಕೊಂಡು, ಚಪ್ಪಲಿ ಕಾಯುವ ಹುಡುಗನಿಗೆ ಒಳ್ಳೆಯ ಬುದ್ಧಿ ಕೊಡಪ್ಪ ಎಂದು ಬೇಡಿಕೊಂಡೆ.